ಹಳೆ ಮಾರುತಿ 800ರಲ್ಲಿ ಕೂಲೆಂಟ್ ಲೀಕ್: 'ಎಲ್ಲಿ' ಅನ್ನುವ ಮೊದಲು 'ಯಾವಾಗ' ಅಂತ ಕೇಳಿ

ನಮ್ಮ ಮನೆಯ ಮಾರುತಿ 800 1998ನೇ ಇಸವಿಯದು. ಮೂರು ಸಿಲಿಂಡರ್, 796 ಸಿಸಿ, ಕಾರ್ಬ್ಯುರೇಟರ್ ಗಾಡಿ. ಹೋದ ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಒಂದು ಲೋಟದಷ್ಟು ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಕಮ್ಮಿಯಾಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ರೇಡಿಯೇಟರ್ ಕೆಳಗೆ ಒದ್ದೆ ಕಂಡಿತು, ರೇಡಿಯೇಟರೇ ಹೋಗಿದೆ ಅಂದರು, ಹೊಸದು ಹಾಕಿದರು. ನಾಲ್ಕನೇ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಒದ್ದೆ. ಆಮೇಲೆ ನಾನೇ ಕೂತು ಹುಡುಕಿದೆ. ಆಗ ತಿಳಿದದ್ದನ್ನು ನನ್ನ ಹಾಗೆ ಈ ಕೆಲಸ ಕಲಿಯುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಒತ್ತಡದ ವಿಷಯ. ಇದು ಅರ್ಥವಾಗದೆ ಲೀಕ್ ಅರ್ಥವಾಗುವುದಿಲ್ಲ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಅದೊಂದು ವಾಲ್ವ್. ನಮ್ಮ ಗಾಡಿಯ ಮುಚ್ಚಳದ ಮೇಲೆ 0.9 ಅಂತ ಅಚ್ಚಾಗಿದೆ. ಅಂದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.9 ಕೆಜಿ ಆಗುವವರೆಗೆ ಅದು ಬಿಗಿಯಾಗಿ ಹಿಡಿದಿರುತ್ತದೆ. ಬಯಲಲ್ಲಿ 100 ಡಿಗ್ರಿಗೆ ಕುದಿಯುವ ನೀರು ಅಷ್ಟು ಒತ್ತಡದಲ್ಲಿ ಸುಮಾರು 118 ಡಿಗ್ರಿವರೆಗೂ ಕುದಿಯುವುದಿಲ್ಲ. ಒತ್ತಡ ಮೀರಿದರೆ ಮುಚ್ಚಳ ತೆರೆದು ಕೂಲೆಂಟ್ ರಿಸರ್ವ್ ಡಬ್ಬಿಗೆ ಹೋಗುತ್ತದೆ. ಎಂಜಿನ್ ತಣ್ಣಗಾದಾಗ ಮುಚ್ಚಳದಲ್ಲಿರುವ ಇನ್ನೊಂದು ಪುಟ್ಟ ವಾಲ್ವ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ.

ಈಗ ಯೋಚಿಸಿ. ಎಲ್ಲೋ ಒಂದು ತೂತಿದ್ದರೆ, ತಣ್ಣಗಾಗುವಾಗ ಡಬ್ಬಿಯಿಂದ ಕೂಲೆಂಟ್ ಬರುವ ಬದಲು ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ. ಡಬ್ಬಿ ಫುಲ್ ಇರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ಡಬ್ಬಿ ನೋಡಿ 'ಎಲ್ಲ ಸರಿ ಇದೆ' ಅಂತ ಹೊರಟು ಎಂಜಿನ್ ಕಾದು ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಬೆಂಡ್ ಮಾಡಿಕೊಂಡವರು ಎಷ್ಟೋ ಜನ. ಹಳೆ ಗಾಡಿಯಲ್ಲಿ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಮುಚ್ಚಳ ತೆಗೆದು ರೇಡಿಯೇಟರ್ ಒಳಗೇ ನೋಡಬೇಕು. ಬಿಸಿ ಇದ್ದಾಗ ಮಾತ್ರ ಮುಟ್ಟಲೇಬೇಡಿ. ಒತ್ತಡ ಹೋದ ಕ್ಷಣದಲ್ಲೇ ಒಳಗಿನ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ.

ಟೆಂಪರೇಚರ್ ಮುಳ್ಳನ್ನೂ ಪೂರ್ತಿ ನಂಬಬೇಡಿ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ತಾನೆ ಸರಿಯಾಗಿ ತೋರಿಸುವುದು? ಕೂಲೆಂಟ್ ಇಳಿದು ಸೆನ್ಸರ್ ಸುತ್ತ ಗಾಳಿ ತುಂಬಿದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ನಿಂತಿರಬಹುದು.

ಇನ್ನು ಹುಡುಕುವ ಕೆಲಸ. ನಾವೆಲ್ಲ ಮಾಡುವ ತಪ್ಪು ಒಂದೇ: ಹನಿ ಬಿದ್ದ ಜಾಗದಲ್ಲೇ ತೂತು ಹುಡುಕುವುದು. ನೀರು ಹೋಸ್ ಹಿಡಿದು, ಬ್ರಾಕೆಟ್ ಹಿಡಿದು ಹರಿದು ಎಲ್ಲಿ ತಗ್ಗೋ ಅಲ್ಲಿ ತೊಟ್ಟಿಕ್ಕುತ್ತದೆ. ಓಡುವಾಗ ಗಾಳಿಗೆ ಹಿಂದಕ್ಕೂ ಹಾರುತ್ತದೆ. ಅದಕ್ಕೇ 'ಯಾವಾಗ ಸೋರುತ್ತಿದೆ' ಅಂತ ಮೊದಲು ಗೊತ್ತು ಮಾಡಿಕೊಂಡರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಒದ್ದೆ, ಗಾಡಿ ಬಿಸಿಯಾದ ಮೇಲೆ ಒಣ: ಇದು ಹೆಚ್ಚಾಗಿ ಹೋಸ್ ಜೋಡಣೆಯ ಲೀಕ್. ಚಳಿಗೆ ರಬ್ಬರ್ ಕುಗ್ಗಿ ಗಟ್ಟಿಯಾಗುತ್ತದೆ, ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ. ಬಿಸಿಯಾದಾಗ ರಬ್ಬರ್ ಮೆತ್ತಗಾಗಿ ಊದಿ ತಾನೇ ಮುಚ್ಚಿಕೊಳ್ಳುತ್ತದೆ.

ಎಂಜಿನ್ ಓಡುವಾಗ ಮಾತ್ರ ಸೋರಿದರೆ ವಾಟರ್ ಪಂಪ್ ಮೇಲೆ ಅನುಮಾನ ಪಡಿ. ಪಂಪಿನ ಶಾಫ್ಟ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಹೋದರೆ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಗೆ ಬರಲಿ ಅಂತ. ಗೊತ್ತಿಲ್ಲದವರು ಅದಕ್ಕೇ ಎಂ-ಸೀಲ್ ಹಚ್ಚುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ಪುಲ್ಲಿಯನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ಆಟ ಇದ್ದರೆ ಪಂಪ್ ಬದಲಾಯಿಸಬೇಕು, ಬೇರೆ ದಾರಿಯಿಲ್ಲ.

ಗಾಡಿ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಆವಿ, ವಾಸನೆ, ಹನಿ ಬಂದರೆ ಅದರ ಕಾರಣವೇ ಬೇರೆ. ಪಂಪ್ ನಿಂತಿದೆ, ಆದರೆ ಕಬ್ಬಿಣದ ಬಿಸಿ ಇಳಿದಿಲ್ಲ. ಆ ಬಿಸಿಯೆಲ್ಲ ನಿಂತ ನೀರಿಗೆ ಇಳಿದು ಒತ್ತಡ ಸ್ವಲ್ಪ ಹೊತ್ತು ಏರುತ್ತಲೇ ಹೋಗುತ್ತದೆ. ಆಗ ಸೋರುವುದು ಮುಚ್ಚಳದ ರಬ್ಬರ್, ರೇಡಿಯೇಟರ್ ಟ್ಯಾಂಕಿನ ಅಂಚು, ಇಲ್ಲವೇ ತುಕ್ಕು ತಿಂದ ಕೋರ್ ಪ್ಲಗ್ (ಎಂಜಿನ್ ಬ್ಲಾಕಿನ ತೂತು ಮುಚ್ಚುವ ಲೋಹದ ಬಿಲ್ಲೆ).

ನಮ್ಮದು ಮೊದಲನೇ ಜಾತಿ ಅಂತ ಎರಡೇ ಬೆಳಿಗ್ಗೆಯಲ್ಲಿ ಗೊತ್ತಾಯಿತು. ರಾತ್ರಿ ಕಾರಿನ ಕೆಳಗೆ ಹಳೆ ರಟ್ಟು ಹಾಸಿ, ಅದರ ಮೇಲೆ ಮುಂದಿನ ಚಕ್ರಗಳ ಗುರುತು ಬರೆದಿದ್ದೆ. ಬೆಳಿಗ್ಗೆ ಮೂರು ಹಸಿರು ಕಲೆ. ಮುಟ್ಟಿದರೆ ಜಾರುವಂಥ ಅಂಟು. ಎಸಿ ನೀರಾದರೆ ಬಣ್ಣ ಇರುವುದಿಲ್ಲ, ಅಂಟೂ ಇರುವುದಿಲ್ಲ. ವಾಸನೆ ನೋಡಿದರೆ ಸಾಕು, ರುಚಿ ನೋಡಲು ಹೋಗಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಚೆಲ್ಲಿದ್ದನ್ನು ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ.

ಆಮೇಲೆ ಎಲ್ಲ ಹೋಸ್ ಜೋಡಣೆಗಳನ್ನೂ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಪ್ರೆಶರ್ ಟೆಸ್ಟರ್ ಒಂದು ದಿನಕ್ಕೆ ಎರವಲು ಸಿಕ್ಕಿತ್ತು. ಅದನ್ನು ಮುಚ್ಚಳದ ಜಾಗಕ್ಕೆ ಕೂರಿಸಿ, ಕೈಪಂಪಿನಲ್ಲಿ 0.9ರವರೆಗೆ ಒತ್ತಿದೆ. ಅದಕ್ಕಿಂತ ಜಾಸ್ತಿ ಒತ್ತಬಾರದು, ಹಳೆ ರೇಡಿಯೇಟರ್ ಅಲ್ಲೇ ಬಾಯಿ ಬಿಡಬಹುದು. ಮುಳ್ಳು ನಿಧಾನಕ್ಕೆ ಇಳಿಯತೊಡಗಿತು. ಟಾರ್ಚ್ ಒಂದು ಕೈಯಲ್ಲಿ, ಸಣ್ಣ ಕನ್ನಡಿ ಇನ್ನೊಂದು ಕೈಯಲ್ಲಿ. ಹತ್ತು ನಿಮಿಷದ ಮೇಲೆ, ವಾಟರ್ ಪಂಪಿಗೆ ಹೋಗುವ ಕಬ್ಬಿಣದ ಪೈಪಿಗೆ ಹೋಸ್ ಸೇರುವ ಕಡೆ, ಬಿಳಿ ಪೌಡರಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಮೂಡಿತು. ಗೆರೆ ಹೋಸಿನ ಹೊಟ್ಟೆಯ ಮೇಲೆ ಇಳಿದು, ಮುಂದೆ ತಗ್ಗಿನಲ್ಲಿ, ರೇಡಿಯೇಟರ್ ಪಕ್ಕದಲ್ಲೇ ಹನಿಯಾಗಿ ನಿಂತಿತು. ಗ್ಯಾರೇಜಿನವರು ನೋಡಿದ್ದು ಆ ಹನಿಯನ್ನು.

ಹೋಸ್ ಕಳಚಿದರೆ ಪೈಪಿನ ಬಾಯಿ ಸಿಡುಬಿನ ಕಲೆ ಬಿದ್ದ ಹಾಗಿತ್ತು. ತುಕ್ಕು ತಿಂದು ಚಿಕ್ಕ ಚಿಕ್ಕ ಗುಳಿ. ಹೋಸ್ ಹೊಸದಾದರೂ, ಕ್ಲಿಪ್ ಎಷ್ಟು ಟೈಟ್ ಮಾಡಿದರೂ, ಆ ಗುಳಿಗಳ ಒಳಗಿಂದ ನೀರಿಗೆ ದಾರಿ ಇದ್ದೇ ಇತ್ತು. ಮೇಲ್ಮೈ ತುಕ್ಕಾಗಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ನುಣುಪು ಮಾಡಿದರೆ ಸಾಕಿತ್ತು. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ ಪೈಪನ್ನೇ ಬದಲಾಯಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ಗಾಡಿಯ ಭಾಗಗಳು ಈಗಲೂ ಸಿಗುತ್ತವೆ. ಪೈಪ್, ಹೋಸ್, ಎರಡು ಕ್ಲಿಪ್ ತಂದೆ. ಕ್ಲಿಪ್ ಕೂರಬೇಕಾದದ್ದು ಪೈಪಿನ ಉಬ್ಬು ಅಂಚು ದಾಟಿ ಒಳಗೆ, ಅಂಚಿನ ಮೇಲಲ್ಲ. ಹೋಸ್ ಕ್ಲಿಪ್ಪಿನ ಸಂದಿಯಿಂದ ಹೊರಗೆ ಉಬ್ಬಿ ಬರುವ ಹಾಗೆ ತಿರುಗಿಸಬಾರದು, ರಬ್ಬರ್ ಕತ್ತರಿಸಿ ಹೋಗುತ್ತದೆ.

ಹೊರಗೆ ಒಂದು ಹನಿಯೂ ಕಾಣದೆ ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಎರಡು ಕಡೆ ನೋಡಬೇಕು. ಹೀಟರ್ ಇರುವ ಗಾಡಿಯಲ್ಲಿ ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಎತ್ತಿ ನೋಡಿ. ಒದ್ದೆ, ಸಿಹಿ ವಾಸನೆ, ಗಾಜಿನ ಮೇಲೆ ಎಣ್ಣೆ ಥರ ಮಂಜು ಇದ್ದರೆ ಒಳಗಿನ ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಇನ್ನೊಂದು ಹೆಡ್ ಗ್ಯಾಸ್ಕೆಟ್, ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಸೀಲ್. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದು ಬಿಸಿಯ ಒತ್ತಡ ಅಲ್ಲ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬರುವುದು, ಬಿಳಿ ಹೊಗೆ, ಆಯಿಲ್ ಹಾಲು ಬೆರೆತ ಕಾಫಿಯಂತಾಗುವುದು, ಇವೆಲ್ಲ ಅದರ ಗುರುತುಗಳು. ಖಚಿತ ಮಾಡಿಕೊಳ್ಳಲು ನೀಲಿ ದ್ರಾವಣದ ಪರೀಕ್ಷೆ ಇದೆ. ರೇಡಿಯೇಟರ್ ಮೇಲಿನ ಗಾಳಿಯನ್ನು ಅದರಲ್ಲಿ ಹಾಯಿಸಿದಾಗ ಹಳದಿಗೆ ತಿರುಗಿದರೆ ಕಾರ್ಬನ್ ಡೈಆಕ್ಸೈಡ್ ಇದೆ ಅಂತ ಅರ್ಥ. ಆಗ ಹೆಡ್ ಇಳಿಸಿ, ನೇರ ಅಂಚಿನ ಪಟ್ಟಿ ಇಟ್ಟು ಬೆಂಡ್ ನೋಡಿ, ಬೇಕಿದ್ದರೆ ಫೇಸಿಂಗ್ (ಮೇಲ್ಮೈ ಕೆತ್ತಿ ಸಮತಟ್ಟು ಮಾಡುವುದು) ಮಾಡಿಸಿಯೇ ಹೊಸ ಗ್ಯಾಸ್ಕೆಟ್ ಹಾಕಬೇಕು.

ಅರಿಶಿನದ ಬಗ್ಗೆಯೂ ಹೇಳಬೇಕು. ಲಾರಿ ಡ್ರೈವರುಗಳು ದಾರಿಯಲ್ಲಿ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು ಹಳೆಯ ರೂಢಿ. ಘಾಟಿಯ ಮಧ್ಯೆ, ರಾತ್ರಿ ಹೊತ್ತು, ಊರು ಸೇರಲೇಬೇಕಾದಾಗ ಅದು ಕೈ ಹಿಡಿಯುತ್ತದೆ. ಪುಡಿ ಹೋಗಿ ಸಣ್ಣ ತೂತಿನಲ್ಲಿ ಕೂರುತ್ತದೆ. ಆದರೆ ಅದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಹಾಗೇ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಗಳದ್ದೂ ಇದೇ ಕಥೆ. ಹಾಕಿದ್ದರೆ ಊರು ಸೇರಿದ ಮೇಲೆ ಪೂರ್ತಿ ತೊಳೆದು ತೆಗೆಯಿರಿ.

ನಮ್ಮ ಪೈಪಿಗೆ ತುಕ್ಕು ಬಂದದ್ದೂ ನೀರಿನಿಂದಲೇ. ವರ್ಷಗಟ್ಟಲೆ ಸುಮ್ನೆ ಬೋರ್‌ವೆಲ್ ನೀರು ತುಂಬುತ್ತಿದ್ದೆವು. ಆ ಗಡಸು ನೀರು ಹಂಡೆಯಲ್ಲಿ ಹೇಗೆ ಬಿಳಿ ಪದರ ಕಟ್ಟುತ್ತದೋ ಎಂಜಿನ್ ಒಳಗೂ ಹಾಗೇ ಕಟ್ಟುತ್ತದೆ. ನಮ್ಮ ಸೆಕೆಗೆ ಕೂಲೆಂಟ್ ಬೇಕಾ ಅಂತ ಕೇಳುವವರಿದ್ದಾರೆ. ಕೂಲೆಂಟ್ ಬರೀ ಹಿಮಗಟ್ಟದಿರಲಿ ಅಂತ ಅಲ್ಲ. ಕುದಿಯುವ ಬಿಂದು ಏರಿಸುತ್ತದೆ, ತುಕ್ಕು ತಡೆಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಅರ್ಧಕ್ಕರ್ಧ ಬೆರೆಸಿ ಹಾಕಿ. ಬೇರೆ ಬೇರೆ ಬಗೆಯ ಕೂಲೆಂಟ್ ಬೆರೆಸಬೇಡಿ.

ತುಂಬುವಾಗ ಗಾಡಿಯ ಮೂತಿ ಎತ್ತರದಲ್ಲಿರಲಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಮುಚ್ಚಳ ತೆಗೆದೇ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನಕ್ಕೆ ಹುಯ್ಯುತ್ತಾ ಇರಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆದಾಗ ಕೆಳಗಿನ ಹೋಸ್ ಬಿಸಿಯಾಗುತ್ತದೆ, ನೀರಿನ ಮಟ್ಟ ದಿಢೀರನೆ ಇಳಿಯುತ್ತದೆ. ಅಷ್ಟನ್ನೂ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಫ್ಯಾನ್ ತಾನಾಗಿ ಓಡಿ ನಿಲ್ಲುವವರೆಗೆ ಕಾಯಿರಿ.

ನಾನು ರಿಸರ್ವ್ ಡಬ್ಬಿಗೆ ಒಂದು ತುಂಡು ಟೇಪ್ ಅಂಟಿಸಿ, ತಣ್ಣಗಿದ್ದಾಗಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದೆ. ರೇಡಿಯೇಟರ್ ಮುಚ್ಚಳವನ್ನೂ ದಿನಾ ಬೆಳಿಗ್ಗೆ ತೆಗೆದು ನೋಡಿದೆ. ಹನ್ನೆರಡನೇ ಬೆಳಿಗ್ಗೆಯೂ ಕೂಲೆಂಟ್ ಬಾಯಿಮಟ್ಟ ಇತ್ತು, ಗೆರೆಯೂ ಅಲ್ಲೇ ಇತ್ತು. ಆವತ್ತು ರಟ್ಟು ಎತ್ತಿಟ್ಟೆ.