ಹಸಿರು ಸೇತುವೆ ಕೆಂಪಾದ ಕತೆ

ಫ್ರಾನ್ಸಿನ ಜಿವೆರ್ನಿಯಲ್ಲಿ ಚಿತ್ರಕಾರ ಕ್ಲೋಡ್ ಮೋನೆ ತನ್ನ ತೋಟದ ನೈದಿಲೆಕೊಳಕ್ಕೆ ಜಪಾನಿ ಮಾದರಿಯ ಸೇತುವೆ ಕಟ್ಟಿಸಿದ್ದ. 1899ರ ಚಿತ್ರಗಳಲ್ಲಿ ಅದು ಹಸಿರು, ನೀಲಿಗಳ ನಡುವೆ ತಣ್ಣಗೆ ಬಾಗಿ ನಿಂತಿದೆ. ಸುಮಾರು ಇಪ್ಪತ್ತು ವರ್ಷದ ನಂತರ ಅದೇ ಸೇತುವೆಯನ್ನು ಮತ್ತೆ ಬರೆದ. ಈಗ ಬರೀ ಕಡುಗೆಂಪು, ಕಂದು, ಕಿತ್ತಳೆ. ಸೇತುವೆ ಎಲ್ಲಿದೆ ಅಂತ ಹುಡುಕಬೇಕು!

ನಡುವೆ ಆಗಿದ್ದೇನು? 1912ರಲ್ಲಿ ವೈದ್ಯರು ಅವನ ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಎಂದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಆಮೇಲೆ ಕಂದಾಗುತ್ತದೆ. ಚಹಾ ಬಣ್ಣದ ಗಾಜಿನ ಹಿಂದೆ ಕೂತು ನೋಡಿದ ಹಾಗೆ. ನೀಲಿ, ನೇರಳೆ ಬೆಳಕು ಒಳಗೆ ಬರುವುದೇ ಕಡಿಮೆ.

ಹಾಗಾದರೆ ಕೆಂಪಾಗಿ ಕಂಡದ್ದನ್ನು ಕೆಂಪಾಗಿ ಬರೆದ, ಅಷ್ಟೇ ಅಲ್ವಾ? ಅಲ್ಲ. ಇಲ್ಲೊಂದು ತೊಡಕಿದೆ. ತೋಟವನ್ನು ನೋಡಿದ ಕಣ್ಣೇ ಬಣ್ಣದ ತಟ್ಟೆಯನ್ನೂ ಕ್ಯಾನ್ವಾಸನ್ನೂ ನೋಡುತ್ತದೆ. ಎರಡೂ ಒಂದೇ ಥರ ಹಳದಿಯಾದರೆ ತಪ್ಪಿಗೆ ತಪ್ಪು ವಜಾ ಆಗಬೇಕಿತ್ತು. ನನಗೆ ಒಪ್ಪಿಗೆಯಾಗುವ ವಿವರಣೆ ಬೇರೆ. ಪೊರೆ ಬಣ್ಣವನ್ನು ಬದಲಿಸುವುದಷ್ಟೇ ಅಲ್ಲ, ಬಣ್ಣಗಳ ನಡುವಿನ ವ್ಯತ್ಯಾಸವನ್ನೇ ಅಳಿಸುತ್ತದೆ. ಕಡುನೀಲಿಗೂ ಕಪ್ಪಿಗೂ ಗುರುತು ಸಿಗುವುದಿಲ್ಲ. ಅಂಚುಗಳೂ ಮಸುಕು. ಆಗ ಕೈ ನಡೆಯುವುದು ನೆನಪಿನ ಮೇಲೆ, ಅಭ್ಯಾಸದ ಮೇಲೆ. ಬಣ್ಣದ ಟ್ಯೂಬಿನ ಚೀಟಿ ಓದಿ, ತಟ್ಟೆಯಲ್ಲಿ ಬಣ್ಣಗಳನ್ನು ಒಂದೇ ಕ್ರಮದಲ್ಲಿಟ್ಟು ಮೋನೆ ಕೆಲಸ ಮಾಡುತ್ತಿದ್ದ.

ಹಾಗಂತ ಎಲ್ಲವನ್ನೂ ಪೊರೆಯ ತಲೆಗೆ ಕಟ್ಟಲಾಗದು. ಬೆಳಕಿನ ಬೆನ್ನು ಹತ್ತಿ ಆಕಾರಗಳನ್ನು ಕರಗಿಸುವ ಚಾಳಿ ಅವನಿಗೆ ಮೊದಲೇ ಇತ್ತು. 1890ರ ಹೊತ್ತಿನ ಹುಲ್ಲಿನ ಬಣವೆಗಳ ಚಿತ್ರಗಳನ್ನು ನೋಡಿದರೆ ಸಾಕು.

ಶಸ್ತ್ರಚಿಕಿತ್ಸೆಗೆ ಹೆದರಿ ಹೆದರಿ, ಕೊನೆಗೆ 1923ರಲ್ಲಿ, 82ನೇ ವಯಸ್ಸಿನಲ್ಲಿ, ಬಲಗಣ್ಣಿನ ಮಸೂರ ತೆಗೆಸಿಕೊಂಡ. ಕೃತಕ ಮಸೂರ ಕೂರಿಸುವ ಕಾಲ ಅದಲ್ಲ. ಈಗ ಇನ್ನೊಂದು ಫಜೀತಿ: ಎಲ್ಲವೂ ಜಾಸ್ತಿ ನೀಲಿ! ನಮ್ಮ ಮಸೂರ ನೇರಳಾತೀತ ಕಿರಣಗಳನ್ನು ತಡೆಯುತ್ತದೆ, ಒಂದಿಷ್ಟು ನೀಲಿಯನ್ನೂ. ಆ ತಡೆಯೇ ಹೋಗಿತ್ತು. ಬಣ್ಣದ ಕನ್ನಡಕ ಹಾಕಿಕೊಂಡು ಸರಿದೂಗಿಸಿದ. ಪೊರೆಯ ಕಾಲದ ಕೆಲವು ಚಿತ್ರಗಳನ್ನು ಹಾಳುಮಾಡಿದ, ಕೆಲವನ್ನು ತಿದ್ದಿದ. ಪ್ಯಾರಿಸ್ಸಿನ ಒರಾಂಜರಿ ವಸ್ತುಸಂಗ್ರಹಾಲಯಕ್ಕೆಂದು ಬರೆಯುತ್ತಿದ್ದ ದೊಡ್ಡ ನೈದಿಲೆ ಚಿತ್ರಗಳನ್ನು 1926ರಲ್ಲಿ ಸಾಯುವವರೆಗೂ ತಿದ್ದುತ್ತಲೇ ಇದ್ದ. ಕೆಂಪು ಸೇತುವೆಗಳಲ್ಲಿ ಕೆಲವು ಹೇಗೋ ಉಳಿದುಕೊಂಡವು.