ಕಾನಮಾರದ ಮೋಡದಲ್ಲಿ ಒಂದು ಲೋಟ ನೀರು

ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೌಂಟಿಯ ಕಾನಮಾರ ಸೀಮೆಯಲ್ಲಿ, ಡೆರಿಕ್ಲೇರ್ ಎಂಬ ಸರೋವರವಿದೆ. ಅದರ ನಡುವೆ ಪೈನ್ ಮರಗಳ ಪುಟ್ಟ ನಡುಗಡ್ಡೆ, ಹಿನ್ನೆಲೆಯಲ್ಲಿ ಟ್ವೆಲ್ವ್ ಬೆನ್ಸ್ ಬೆಟ್ಟಸಾಲು. ಕ್ಯಾಮೆರಾ ಹಿಡಿದು ಆ ಕಡೆ ಹೋದ ಹವ್ಯಾಸಿಗಳಲ್ಲಿ ಈ ದೃಶ್ಯವನ್ನು ತೆಗೆಯದೆ ಮರಳಿದವರು ಅಪರೂಪ. ನಾನೂ ತೆಗೆದಿದ್ದೇನೆ. ಆದರೆ ಆ ಪ್ರವಾಸದಿಂದ ನಾನು ಜೋಪಾನವಾಗಿ ಉಳಿಸಿಕೊಂಡಿರುವುದು ಅಲ್ಲಿಂದ ಸ್ವಲ್ಪ ದೂರದಲ್ಲಿದ್ದ, ಗಾರೆಯಿಲ್ಲದೆ ಬರಿಯ ಕಲ್ಲು ಪೇರಿಸಿ ಕಟ್ಟಿದ ಒಂದು ಮೋಟುಗೋಡೆಯ ಎರಡು ಚಿತ್ರಗಳನ್ನು. ಮೊದಲನೆಯದು ಒಳ್ಳೆಯ ಬಿಸಿಲಿನಲ್ಲಿ ತೆಗೆದದ್ದು: ಕಲ್ಲುಗಳ ಅರ್ಧ ಮೈ ಸುಣ್ಣ ಬಳಿದಂತೆ ಬೆಳ್ಳಗೆ, ಉಳಿದರ್ಧ ಮಸಿಯಂತೆ ಕಪ್ಪು. ಎರಡನೆಯದು ಮರುದಿನ, ಆಕಾಶದ ತುಂಬ ಮೋಡ ಕವಿದು ಸೋನೆ ಹಿಡಿದಿದ್ದಾಗ ತೆಗೆದದ್ದು. ಅದರಲ್ಲಿ ಕಲ್ಲಿನ ಮೇಲಿನ ಕಲ್ಲುಹೂವಿನ ಕಿತ್ತಳೆ ಮತ್ತು ಬೂದು ಮಚ್ಚೆಗಳು, ಸಂದುಗಳಲ್ಲಿನ ಪಾಚಿಯ ಹಸಿರು, ಬುಡದ ಹುಲ್ಲು, ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಎರಡನ್ನೂ ನೋಡಿದ ಬಂಧುವೊಬ್ಬರು ಎರಡನೆಯದನ್ನು ಎತ್ತಿಕೊಂಡು, "ಇದಕ್ಕೆ ಬೆಳಕು ಚೆನ್ನಾಗಿ ಬಿದ್ದಿದೆ" ಎಂದರು.

ಅವರು ಹೇಳಿದ್ದು ಸರಿ. ಆದರೂ ಮೋಡ ಕವಿದ ಕೂಡಲೇ "ಇವತ್ತು ಬೆಳಕಿಲ್ಲ" ಎಂದು ಕ್ಯಾಮೆರಾವನ್ನು ಚೀಲಕ್ಕೆ ಸೇರಿಸುವವರನ್ನು ಕಂಡರೆ ನನಗೆ ಸ್ವಲ್ಪ ಅಸಹನೆಯಾಗುತ್ತದೆ; ಐರ್ಲೆಂಡಿನಲ್ಲಿ ಹಾಗೆ ಮಾಡುವವರು ವರ್ಷದ ಬಹುಪಾಲು ದಿನ ಕೈಕಟ್ಟಿ ಕೂರಬೇಕಾಗುತ್ತದೆ. ಅಲ್ಲಿನ ಆಕಾಶ ಅರ್ಧಕ್ಕಿಂತ ಹೆಚ್ಚು ಕಾಲ ಪೂರ್ತಿ ಮೋಡದಿಂದಲೇ ಮುಚ್ಚಿರುತ್ತದೆ. ಪಶ್ಚಿಮದ ಕೆಲವೆಡೆ ವರ್ಷಕ್ಕೆ ಸುಮಾರು 225 ದಿನ ಮಳೆ ಬೀಳುತ್ತದೆ. ಹಾಗೆಂದು ಅದು ನಮ್ಮ ಆಗುಂಬೆಯ ಮಳೆಯಲ್ಲ. ಡಬ್ಲಿನ್ ನಗರದ ವಾರ್ಷಿಕ ಮಳೆ ಬೆಂಗಳೂರಿನದಕ್ಕಿಂತ ಕಡಿಮೆ ಎಂದರೆ ಅನೇಕರು ನಂಬುವುದಿಲ್ಲ. ಅಟ್ಲಾಂಟಿಕ್ ಸಾಗರದ ತೇವಗಾಳಿ ಹಗಲಿರುಳೂ ಬೀಸಿ ಬೆಟ್ಟಗಳನ್ನು ಏರುತ್ತಲೇ ಇರುವುದರಿಂದ ಅಲ್ಲಿ ಮಳೆ ಸುರಿಯುವುದಕ್ಕಿಂತ ಜಿನುಗುವುದೇ ಹೆಚ್ಚು.

ಆ ಮೋಡದಲ್ಲಿ ನೀರು ಎಷ್ಟಿರುತ್ತದೆ? ಸುಮಾರು 500 ಮೀಟರ್ ದಪ್ಪದ, ಘನ ಮೀಟರಿಗೆ 0.3 ಗ್ರಾಂ ನೀರಿರುವ ಸಾಧಾರಣ ಪದರ ಮೋಡವೊಂದನ್ನು ತೆಗೆದುಕೊಳ್ಳೋಣ. ಒಂದು ಚದರ ಮೀಟರ್ ನೆಲದ ನೆತ್ತಿಯ ಮೇಲಿರುವ ಮೋಡವನ್ನೆಲ್ಲ ಒದ್ದೆ ಬಟ್ಟೆಯಂತೆ ಹಿಂಡಿದರೆ ಸಿಗುವುದು 150 ಗ್ರಾಂ ನೀರು, ಅಂದರೆ ಒಂದು ಕಾಫಿ ಲೋಟದಷ್ಟು. ಅದನ್ನು ಆ ಚದರ ಮೀಟರಿನ ಮೇಲೆ ಹರಡಿದರೆ 0.15 ಮಿಲಿಮೀಟರ್ ದಪ್ಪದ ಪೊರೆಯಾಗುತ್ತದೆ. ಅದರ ಮೂಲಕ ದಿನಪತ್ರಿಕೆಯನ್ನು ಸಲೀಸಾಗಿ ಓದಬಹುದು. ಅದೇ ನೀರನ್ನು 0.01 ಮಿಲಿಮೀಟರ್ ತ್ರಿಜ್ಯದ ಹನಿಗಳಾಗಿ ಒಡೆದರೆ ಸುಮಾರು 3,600 ಕೋಟಿ ಹನಿಗಳಾಗುತ್ತವೆ, ಅವುಗಳ ಒಟ್ಟು ಮೇಲ್ಮೈ 45 ಚದರ ಮೀಟರ್ ಆಗುತ್ತದೆ, ಮತ್ತು ಸೂರ್ಯನೇ ಕಾಣದಂತಾಗುತ್ತಾನೆ. ಕಲ್ಲುಸಕ್ಕರೆಯ ಹರಳು ಗಾಜಿನಂತಿದ್ದು, ಕುಟ್ಟಿ ಪುಡಿ ಮಾಡಿದಾಗ ಬೆಳ್ಳಗಾಗುವುದೂ, ತಿಳಿ ಸಾಬೂನುನೀರು ನೊರೆಯಾದಾಗ ಬೆಳ್ಳಗಾಗುವುದೂ ಇದೇ ಲೆಕ್ಕದಲ್ಲಿ. ವಸ್ತು ಬದಲಾಗಿಲ್ಲ, ಬೆಳಕು ದಾಟಬೇಕಾದ ಹೊಸ್ತಿಲುಗಳು ಹೆಚ್ಚಾಗಿವೆ.

ಹೊಸ್ತಿಲು ದಾಟುವ ಪರಿಯೂ ಸ್ವಾರಸ್ಯಕರವಾದದ್ದು. ಒಂದೊಂದು ಹನಿಯೂ ಬೆಳಕನ್ನು ಹಿಂದಕ್ಕೆ ಒದೆಯುವುದು ಅಪರೂಪ. ಹೆಚ್ಚಾಗಿ ಮುಂದಕ್ಕೇ ಬಿಟ್ಟು, ದಾರಿಯನ್ನು ಸುಮಾರು 30 ಡಿಗ್ರಿಯಷ್ಟು ಮಾತ್ರ ಓರೆ ಮಾಡುತ್ತದೆ. ತೇರಿನ ದಿನ ರಥಬೀದಿಯ ಜನಜಂಗುಳಿಯಲ್ಲಿ ಸಿಕ್ಕಿಕೊಂಡವನನ್ನು ಯಾರೂ ಬೇಕೆಂದು ತಳ್ಳುವುದಿಲ್ಲ, ಪ್ರತಿಯೊಬ್ಬರ ಭುಜವೂ ಒಂದಿಷ್ಟು ತಾಗುತ್ತದೆ ಅಷ್ಟೆ; ಆದರೆ ಇಪ್ಪತ್ತು ಭುಜಗಳು ತಾಗಿದ ಮೇಲೆ ಅವನಿಗೆ ತಾನು ಯಾವ ಕಡೆಯಿಂದ ಬಂದೆನೆಂಬುದೇ ಮರೆತುಹೋಗಿರುತ್ತದೆ. ನಮ್ಮ ಲೆಕ್ಕದ ಮೋಡವನ್ನು ನೇರವಾಗಿ ದಾಟಹೊರಟ ಕಿರಣಕ್ಕೂ ಇಪ್ಪತ್ತಕ್ಕೂ ಹೆಚ್ಚು ಹನಿಗಳು ಎದುರಾಗುತ್ತವೆ. ಕೊನೆಗೆ ಹೆಚ್ಚಿನ ಕಿರಣಗಳು ಮೇಲಿನ ಮುಖದಿಂದ ಹೊರಬಿದ್ದು ವಿಮಾನದ ಕಿಟಕಿಯಲ್ಲಿ ಕುಳಿತವರ ಕಣ್ಣು ಕುಕ್ಕುತ್ತವೆ, ಉಳಿದವು ಬಂದ ದಿಕ್ಕನ್ನು ಮರೆತು ಕೆಳಗಿಳಿಯುತ್ತವೆ. ನೆಲಕ್ಕೆ ತಲುಪುವ ಬೆಳಕು ಬಿಸಿಲಿನ ನಾಲ್ಕರಲ್ಲೊಂದು ಅಥವಾ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ ನಿಜ, ಆದರೆ ಷಟರನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟರೆ ಆ ನಷ್ಟ ತುಂಬಿಬರುತ್ತದೆ. ಪ್ರತಿಯಾಗಿ ಸಿಗುವುದು ಬಹಳ ದೊಡ್ಡದು. ಸೂರ್ಯಬಿಂಬದ ಅಗಲ ಕೇವಲ ಅರ್ಧ ಡಿಗ್ರಿ. ಅದಕ್ಕೆ ಹೋಲಿಸಿದರೆ ಆಕಾಶದ ಅರ್ಧಗೋಳ ಸುಮಾರು 90,000 ಪಟ್ಟು ವಿಶಾಲವಾದ ದೀಪ. ಅಷ್ಟು ಪುಟ್ಟ ಸೂರ್ಯನಿಂದ ಬೀಳುವ ನೆರಳಿಗೆ ಕತ್ತರಿಸಿದಂಥ ಅಂಚಿರುತ್ತದೆ; ದೀಪವೇ ಆಕಾಶದಷ್ಟಾದಾಗ ನೆರಳಿಗೆ ಅಂಚೇ ಉಳಿಯುವುದಿಲ್ಲ.

ಮೋಡ ಏಕೆ ಬಿಳಿ ಎಂಬುದನ್ನು ವಿವರಿಸಲು ಐರ್ಲೆಂಡಿನವನೇ ಒಬ್ಬ ಸಿಗುತ್ತಾನೆ. ಕಾರ್ಲೋ ಕೌಂಟಿಯ ಲೇಯ್ಲಿನ್‌ಬ್ರಿಡ್ಜ್ ಎಂಬ ಊರಿನಲ್ಲಿ 1820ರಲ್ಲಿ ಹುಟ್ಟಿದ ಭೌತವಿಜ್ಞಾನಿ ಜಾನ್ ಟಿಂಡಲ್, 1860ರ ದಶಕದ ಕೊನೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಜಿನ ಕೊಳವೆಯೊಳಗೆ ಕೃತಕ ಮೋಡಗಳನ್ನು ಹುಟ್ಟಿಸಿ ನೋಡಿದ. ಕಣಗಳು ಅತಿ ಸೂಕ್ಷ್ಮವಾಗಿರುವಾಗ ಆ ಮೋಡ ಆಕಾಶದಂತೆ ನೀಲಿ. ಕಣಗಳು ಬೆಳೆದಂತೆಲ್ಲ ನೀಲಿ ಮಾಸುತ್ತ ಬಂದು ಕೊನೆಗೆ ಬಿಳಿ. ಮೋಡದ ಹನಿ ಬೆಳಕಿನ ಅಲೆಯುದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ್ದರಿಂದ ಕೆಂಪು, ಹಸಿರು, ನೀಲಿ ಎಂಬ ಭೇದವಿಲ್ಲದೆ ಎಲ್ಲವನ್ನೂ ಸಮವಾಗಿ ಚದುರಿಸುತ್ತದೆ. ಬಿಸಿಲಿನ ದಿನ ನೆರಳಿನೊಳಗೆ ಬೀಳುವುದು ಬರಿಯ ನೀಲಾಕಾಶದ ಬೆಳಕಾದ್ದರಿಂದ ಚಿತ್ರದಲ್ಲಿ ನೆರಳುಗಳಿಗೆ ನೀಲಿ ಛಾಯೆ ಬರುತ್ತದೆ. ಮೋಡದ ದಿನ ಕಲ್ಲಿನ ಎಲ್ಲ ಮೈಗೂ ಒಂದೇ ಬಣ್ಣದ ಬೆಳಕು.

ಇಲ್ಲಿಯೇ ಇನ್ನೊಂದು ತಪ್ಪು ತಿಳಿವಳಿಕೆ ನುಸುಳುತ್ತದೆ. ಮೋಡದ ಬೆಳಕಿಗೆ ದಿಕ್ಕೇ ಇಲ್ಲವೆಂದು ಬಲ್ಲವರೂ ಬರೆಯುತ್ತಾರೆ. ಪೂರ್ತಿ ಮೋಡ ಮುಚ್ಚಿದ ಆಕಾಶದಲ್ಲಿ ನೆತ್ತಿಯ ಭಾಗ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆಂದು ಮೂನ್ ಮತ್ತು ಸ್ಪೆನ್ಸರ್ ಎಂಬ ಸಂಶೋಧಕರು 1942ರಲ್ಲಿಯೇ ಸೂತ್ರ ಕೊಟ್ಟಿದ್ದಾರೆ. ಹೀಗಾಗಿ ನನ್ನ ಕಲ್ಲುಗೋಡೆಯ ಪ್ರತಿಯೊಂದು ಕಲ್ಲಿನ ನೆತ್ತಿಯೂ ತಿಳಿಯಾಗಿ, ಕೆಳಗಿನ ಸಂದು ಮೆಲ್ಲಗೆ ಕಪ್ಪಿಗೆ ತಿರುಗಿ, ಕಲ್ಲುಗಳಿಗೆ ದುಂಡುತನ ಬಂದಿದೆ. ಇನ್ನು ಹುಲ್ಲು ತನ್ನ ಮೇಲೆ ಬಿದ್ದ ಬೆಳಕಿನ ಹತ್ತರಲ್ಲೊಂದು ಪಾಲನ್ನಷ್ಟೇ ಮರಳಿಸುವುದರಿಂದ, ಚೌಕಟ್ಟಿನೊಳಗೆ ಆಕಾಶವನ್ನು ಬಿಟ್ಟುಕೊಂಡರೆ ಅದು ಹುಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳ್ಳಗಿರುತ್ತದೆ. ಕ್ಯಾಮೆರಾ ಅದನ್ನೇ ನಂಬಿ ನೆಲವನ್ನು ಕತ್ತಲಾಗಿಸುತ್ತದೆ. ಹವ್ಯಾಸಿಗಳು ಮೋಡವನ್ನು ದೂರುವುದು ಬಹುಮಟ್ಟಿಗೆ ಈ ಒಂದು ಕಾರಣಕ್ಕೆ. ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಅರ್ಧ ದೂರು ಮುಗಿಯುತ್ತದೆ.

ಬಿಸಿಲೇ ಬೇಕೆಂಬ ನಂಬಿಕೆ ಒಂದು ಕಾಲಕ್ಕೆ ಸಕಾರಣವಾಗಿತ್ತು ಎಂಬುದನ್ನೂ ಒಪ್ಪಬೇಕು. ಆಲ್ಬರ್ಟ್ ಕಾನ್ ಎಂಬ ಫ್ರೆಂಚ್ ಸಾಹುಕಾರನ ಯೋಜನೆಗಾಗಿ 1913ರಲ್ಲಿ ಇಬ್ಬರು ಮಹಿಳೆಯರು ಐರ್ಲೆಂಡಿಗೆ ಹೋಗಿ, ಗಾಲ್ವೇ ಬಳಿಯ ಕ್ಲಾಡ ಎಂಬ ಮೀನುಗಾರರ ಕೇರಿ ಮೊದಲಾದೆಡೆ ಬಣ್ಣದ ಚಿತ್ರಗಳನ್ನು ತೆಗೆದರು. ಅವರೂ ವೃತ್ತಿಪರ ಛಾಯಾಗ್ರಾಹಕರಲ್ಲ. ಅವರ ಕೈಯಲ್ಲಿದ್ದದ್ದು ಲೂಮಿಯೆರ್ ಸೋದರರು 1907ರಲ್ಲಿ ಮಾರುಕಟ್ಟೆಗೆ ತಂದ, ಬಣ್ಣದ ಚಿತ್ರ ಮೂಡಿಸುವ ಆಟೋಕ್ರೋಮ್ ಎಂಬ ಗಾಜಿನ ಫಲಕ. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳ ಮೂಲಕವೇ ಬೆಳಕು ಹಾಯಬೇಕಾಗಿದ್ದರಿಂದ (ಆಲೂಗಡ್ಡೆಯ ನಾಡಿಗೆ ತಕ್ಕ ಫಲಕ!) ಒಳ್ಳೆಯ ಬೆಳಕಿನಲ್ಲೂ ಒಂದು ಚಿತ್ರಕ್ಕೆ ಸೆಕೆಂಡುಗಳೇ ಬೇಕಾಗುತ್ತಿದ್ದವು. ಇಂದಿನ ಫೋನು ಅದೇ ಕೆಲಸವನ್ನು ಮೋಡದ ಕೆಳಗೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಫಲಕ ಹೋಯಿತು, ನಂಬಿಕೆ ಉಳಿಯಿತು.

ಸೋನೆಯ ಕೊಡುಗೆಯೂ ಇದೆ. ಮೊದಲ ಮಳೆಗೆ ನಮ್ಮ ಕೆಂಪು ಮಣ್ಣು ಗಾಢವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಒದ್ದೆ ಮೈಯ ಮೇಲಿನ ನೀರಿನ ಪೊರೆ, ಹೊರಹೊರಟ ಬೆಳಕಿನ ಒಂದಂಶವನ್ನು ಒಳಗಿನಿಂದಲೇ ಮತ್ತೆ ಮಣ್ಣಿಗೆ ತಿರುಗಿಸುತ್ತದೆಂದು ಸ್ವೀಡನ್ನಿನ ವಿಜ್ಞಾನಿ ಆಂಡರ್ಸ್ ಆಂಗ್‌ಸ್ಟ್ರಮ್ 1925ರಲ್ಲಿ ವಿವರಿಸಿದ. ಎರಡು ಮೂರು ಬಾರಿ ಮಣ್ಣಿಗೆ ತಾಗಿ ಬಂದ ಬೆಳಕಿನಲ್ಲಿ ಮಣ್ಣಿನ ಬಣ್ಣವೂ ಅಷ್ಟು ಗಾಢ. ಕಾನಮಾರದ ಜವುಗು ನೆಲದಲ್ಲಿ ಉರುವಲಿಗಾಗಿ ಕಡಿದಿಟ್ಟ ಪೀಟ್ (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ಹೆಂಟೆಗಳು ಕಾಫಿಪುಡಿಯ ಬಣ್ಣಕ್ಕೆ ಬರುವುದು ಹೀಗೆಯೇ.

ಒದ್ದೆ ಎಲೆಗಳಿಗೆ ಮಾತ್ರ ಇನ್ನೊಂದು ತೊಂದರೆಯಿದೆ: ಹಸಿರಿನ ಮೇಲೆ ಬಿಳಿಯ ಆಕಾಶವೇ ಪ್ರತಿಫಲಿಸಿ ಹಾಲಿನ ಕೆನೆ ಕಟ್ಟಿದಂತಾಗುತ್ತದೆ. ಇದರ ಪರಿಹಾರವನ್ನು ಸಿ.ವಿ. ರಾಮನ್ 1921ರಲ್ಲಿ ಯುರೋಪ್ ಪ್ರಯಾಣದ ಹಡಗಿನ ಮೇಲೆಯೇ ಬಳಸಿದ್ದರು. ಕಡಲಿನ ನೀಲಿ ಬರಿಯ ಆಕಾಶದ ಪ್ರತಿಬಿಂಬ ಹೌದೋ ಅಲ್ಲವೋ ಎಂದು ತಿಳಿಯಲು ಅವರು, ನೀರಿನ ಪ್ರತಿಫಲನ ಪೂರ್ತಿ ಧ್ರುವೀಕೃತವಾಗುವ, ಅಂದರೆ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವ ಓರೆಯಿಂದ, ಅಂಥ ಬೆಳಕನ್ನು ತಡೆಯಬಲ್ಲ ನಿಕೋಲ್ ಪಟ್ಟಕದ ಮೂಲಕ ಅಲೆಗಳನ್ನು ನೋಡಿದರು. ಪ್ರತಿಫಲನ ಅಳಿಸಿಹೋಯಿತು, ನೀಲಿ ಉಳಿಯಿತು. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಮಾಡುವುದೂ ಅದನ್ನೇ. ಆ ಗೋಡೆಯ ಪಕ್ಕದಲ್ಲಿ ಫ್ಯೂಷಿಯಾ ಹೂವಿನ ಬೇಲಿಯೊಂದಿತ್ತು. ಎಲೆಗಳನ್ನು ಸರಿಯಾದ ಓರೆಯಿಂದ ನೋಡುತ್ತ ಪೋಲರೈಸರಿನ ಉಂಗುರವನ್ನು ಕಾಲು ಸುತ್ತು ತಿರುಗಿಸಿದೆ. ಒಂದೊಂದೇ ಎಲೆಯ ಮೇಲಿನ ಕೆನೆ ಸರಿದು, ನರಗಳು ಮೂಡಿ, ಕೆಂಪು ಹೂಗಳ ಹಿಂದೆ ಇಡೀ ಬೇಲಿ ಹಸಿರಾಯಿತು. ಕ್ಲಿಕ್ಕಿಸುವ ಮೊದಲೇ ಪೋಲರೈಸರಿನ ಗಾಜಿನ ಮೇಲೆ ಒಂದು ಹನಿ ಬಿತ್ತು; ಒರೆಸುವಷ್ಟರಲ್ಲಿ ಇನ್ನೆರಡು.