ಕೋಚ್ ಬರೀ ಪ್ರಶ್ನೆ ಕೇಳುತ್ತಾರೆ, ಉತ್ತರ ಯಾವಾಗ ಹೇಳುತ್ತಾರೆ?

ಪ್ರಶ್ನೆ: ಬಡ್ತಿ ಸಿಕ್ಕಿದೆ. ಜೊತೆಗೆ ಕಂಪನಿಯವರೇ ಆರು ತಿಂಗಳಿಗೆ ಒಬ್ಬ ಲೀಡರ್‌ಶಿಪ್ ಕೋಚ್‌ನ ಗೊತ್ತು ಮಾಡಿದ್ದಾರೆ. ಎರಡು ಸೆಷನ್ ಆಯ್ತು, ಅವರು ಏನೂ ಹೇಳಿಕೊಡುತ್ತಿಲ್ಲ, ಸುಮ್ನೆ ಪ್ರಶ್ನೆ ಕೇಳುತ್ತಾರೆ. ಕೋಚಿಂಗ್ ಅಂದ್ರೆ ಇಷ್ಟೇನಾ? ನಾನು ಹೇಳಿದ್ದೆಲ್ಲ ಬಾಸ್ ಕಿವಿಗೆ ಬೀಳುತ್ತಾ?

ಉತ್ತರ: ಹೌದು, ಹೆಚ್ಚುಕಡಿಮೆ ಇಷ್ಟೇ. ನಿಮ್ಮ ಕೋಚ್ ಮೈಗಳ್ಳರಲ್ಲ. ಕೋಚಿಂಗ್ ಅಂದ ಕೂಡಲೇ ನಮಗೆ ಪರೀಕ್ಷೆಯ ಪಾಠವೋ ಮೈದಾನದಲ್ಲಿ ಸೀಟಿ ಊದುವವರೋ ನೆನಪಾಗುತ್ತಾರೆ, ಅಲ್ವಾ? ಗೊಂದಲ ಶುರುವಾಗುವುದು ಅಲ್ಲೇ.

ತಮಾಷೆ ಅಂದ್ರೆ, ಈ ಪ್ರಶ್ನೆ ಕೇಳುವ ಪದ್ಧತಿಯ ಒಂದು ಬೇರು ಮೈದಾನದಲ್ಲೇ ಇದೆ. 1970ರ ದಶಕದಲ್ಲಿ ಟಿಮೊಥಿ ಗಾಲ್ವೆ ಅನ್ನುವ ಟೆನಿಸ್ ಶಿಕ್ಷಕರು, ಮೊಣಕೈ ಹೀಗಿಡು, ಕಾಲು ಹಾಗಿಡು ಅಂತ ಹೇಳುವುದನ್ನು ಕಡಿಮೆ ಮಾಡಿ, ಚೆಂಡು ನೆಲಕ್ಕೆ ಬಿದ್ದು ಪುಟಿದಾಗ ಒಂದು ಪದ, ರಾಕೆಟ್‌ಗೆ ತಾಗಿದಾಗ ಇನ್ನೊಂದು ಪದ ಬಾಯಿಬಿಟ್ಟು ಹೇಳಿ, ಅಷ್ಟು ಸಾಕು ಅಂದರು. ಗಮನ ಚೆಂಡಿನ ಮೇಲೆ ನಿಂತಾಗ ಹೊಡೆತ ತಾನಾಗಿ ಸುಧಾರಿಸುತ್ತಿತ್ತು. ಕಾರ್ ರೇಸ್ ಓಡಿಸುತ್ತಿದ್ದ ಜಾನ್ ವಿಟ್ಮೋರ್ ಇದನ್ನೇ ಬ್ರಿಟನ್ನಿನ ಆಫೀಸುಗಳಿಗೆ ತಂದರು. ಏನು ಬೇಕು, ಈಗ ಎಲ್ಲಿದ್ದೀರಿ, ದಾರಿಗಳೇನಿವೆ, ಯಾವುದನ್ನು ಮಾಡುತ್ತೀರಿ: ನಿಮ್ಮ ಕೋಚ್ ಕೇಳುವುದೂ ಬಹುಶಃ ಇದೇ ಸಾಲಿನಲ್ಲಿರುತ್ತದೆ.

ನನಗೂ ಮೊದಮೊದಲು ಸಿಟ್ಟು ಬಂದಿತ್ತು. ಮೂರನೇ ಸೆಷನ್‌ನಲ್ಲಿ, 'ನನ್ನ ಟೀಮ್‌ನವರು ಯಾವುದಕ್ಕೂ ಜವಾಬ್ದಾರಿ ತಗೊಳ್ಳಲ್ಲ' ಅಂತ ಇಪ್ಪತ್ತು ನಿಮಿಷ ಗೋಳು ಹೇಳಿಕೊಂಡೆ. ನನ್ನ ಕೋಚ್ ಎಲ್ಲ ಕೇಳಿಸಿಕೊಂಡು, 'ಕಳೆದ ಸಲ ಒಬ್ಬರು ರಿಪೋರ್ಟ್ ತಂದುಕೊಟ್ಟರಲ್ಲ, ಆಮೇಲೆ ನೀವೇನು ಮಾಡಿದಿರಿ?' ಅಂದರು. ರಾತ್ರಿ ಹನ್ನೊಂದರವರೆಗೆ ಕೂತು ಅದನ್ನು ಪೂರ್ತಿ ನಾನೇ ತಿದ್ದಿ ಬರೆದಿದ್ದೆ. ಬರೆದವರಿಗೆ ಒಂದು ಮಾತೂ ಹೇಳಿರಲಿಲ್ಲ. ನನ್ನ ಬಾಯಿ ಕಟ್ಟಿಹೋಯಿತು. ಅವರೂ ಸುಮ್ಮನೆ ಕೂತರು, ನನ್ನ ಕಷ್ಟ ನೋಡಿ ಸಮಾಧಾನದ ಮಾತು ಕೂಡ ಆಡಲಿಲ್ಲ. ಕೊನೆಗೆ ನಾನೇ ಒಪ್ಪಿಕೊಂಡ ಕೆಲಸ: ಮುಂದಿನ ರಿಪೋರ್ಟ್ ತಿದ್ದಬಾರದು, ತಪ್ಪಿದ್ದ ಕಡೆ ಗೆರೆ ಎಳೆದು ವಾಪಸ್ ಕೊಡಬೇಕು. ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಆ ಒಂದು ಗಂಟೆಗಿಂತ, ಅದರ ನಂತರದ ಎರಡು ವಾರದಲ್ಲೇ ಕೋಚಿಂಗ್ ನಡೆದದ್ದು ಜಾಸ್ತಿ. ಒಪ್ಪಿಕೊಂಡ ಕೆಲಸ ಮಾಡದೆ ಮುಂದಿನ ಸೆಷನ್‌ಗೆ ಹೋಗಿ ಕೂತರೆ ಅದು ಹರಟೆಯೇ.

ಇನ್ನು ಬಾಸ್ ವಿಷಯ. ದುಡ್ಡು ಕಂಪನಿಯದ್ದಾದಾಗ ಶುರುವಿನಲ್ಲೇ ನೀವು, ಬಾಸ್, ಕೋಚ್ ಮೂವರೂ ಕೂತು ಗುರಿ ಏನು, ಯಾವ ಮಾಹಿತಿ ಯಾರಿಗೆ ಹೋಗುತ್ತದೆ ಅಂತ ತೀರ್ಮಾನಿಸಿಕೊಳ್ಳಬೇಕು. ಸಾಮಾನ್ಯವಾಗಿ ಸೆಷನ್‌ಗೆ ಬಂದಿರೋ ಇಲ್ಲವೋ ಅನ್ನುವುದು ಹೋಗುತ್ತದೆ, ಗುರಿಯೂ ಹೋಗುತ್ತದೆ, ಆಡಿದ ಮಾತು ಹೋಗುವುದಿಲ್ಲ. ಜೀವಕ್ಕೆ ಅಪಾಯ ಅಥವಾ ಕಾನೂನು ಮುರಿಯುವ ವಿಷಯ ಬಂದರೆ ಬೇರೆ ಮಾತು. ವಕೀಲರ ಜೊತೆ ಆಡಿದ ಮಾತಿಗಿರುವ ಕಾನೂನಿನ ರಕ್ಷಣೆ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಒಪ್ಪಂದ ಬರಹದಲ್ಲಿರಲಿ.

ಕೋಚ್ ಅನ್ನುವ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹೆಚ್ಚಿನ ಕಡೆ ಲೈಸೆನ್ಸ್ ಏನೂ ಬೇಡ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ಕನಿಷ್ಠ 100, 500, 2,500 ಗಂಟೆ ಕೋಚಿಂಗ್ ಮಾಡಿದ ಅನುಭವ ಕ್ರಮವಾಗಿ ಬೇಕು. ಸರ್ಟಿಫಿಕೇಟ್ ಇದ್ದವರೆಲ್ಲ ಒಳ್ಳೆಯವರೇ ಅಂತ ನಾನು ಹೇಳಲಾರೆ, ಆದರೆ ಎಷ್ಟು ಗಂಟೆ ಮಾಡಿದ್ದೀರಿ ಅಂತ ಕೇಳಲು ಸಂಕೋಚ ಬೇಡ. ಗೆಲುವು ಗ್ಯಾರಂಟಿ ಅನ್ನುವವರಿಂದ ದೂರ ಇರಿ. ನಿದ್ದೆ ಬಾರದೆ ಒದ್ದಾಡುತ್ತಿದ್ದರೆ, ಯಾವುದರಲ್ಲೂ ಮನಸ್ಸೇ ಇಲ್ಲ ಅನಿಸುತ್ತಿದ್ದರೆ ಹೋಗಬೇಕಾದದ್ದು ಡಾಕ್ಟರ್ ಅಥವಾ ಥೆರಪಿಸ್ಟ್ ಹತ್ತಿರ. ಒಳ್ಳೆಯ ಕೋಚ್ ಅದನ್ನು ತಾವೇ ಹೇಳುತ್ತಾರೆ.

ಎರಡೇ ಸೆಷನ್ ಆಗಿದೆ ಅಂದಿರಿ. ಮೂರನೆಯದಕ್ಕೆ ಈ ವಾರ ನಿಜವಾಗಿ ನಡೆದ ಒಂದು ಜಟಾಪಟಿ ತಗೊಂಡು ಹೋಗಿ, ಯಾರು ಏನು ಅಂದರು ಅನ್ನುವುದರ ಸಮೇತ. ಬಾಸ್‌ಗೆ ಏನೇನು ಹೋಗುತ್ತದೆ ಅನ್ನುವ ಪ್ರಶ್ನೆಯನ್ನೂ ಅಲ್ಲೇ, ಮೊದಲ ಐದು ನಿಮಿಷದಲ್ಲೇ ಕೇಳಿಬಿಡಿ.